ಅಮೆರಿಕದಲ್ಲಿ ರಾಜ್ಯ ಬದಲಿಸಿದ ಮೇಲೆ ಪೌರತ್ವಕ್ಕೆ ಯಾವಾಗ ಅರ್ಜಿ ಹಾಕಬಹುದು?

ನಿಮ್ಮ ಪ್ರಶ್ನೆ ಓದಿ ನಮ್ಮ ಮನೆಯ ಕತೆಯೇ ನೆನಪಾಯಿತು. ನಿಮಗೆ ಗ್ರೀನ್ ಕಾರ್ಡ್ ಸಿಕ್ಕು ಐದು ವರ್ಷ ಮುಗಿದಿದೆ. ಸೆಪ್ಟೆಂಬರ್ 12ಕ್ಕೆ ನ್ಯೂಜೆರ್ಸಿ ಬಿಟ್ಟು ಟೆಕ್ಸಾಸ್‌ನಲ್ಲಿ ಮನೆ ಮಾಡಿದ್ದೀರಿ. ಈಗ ತಂಗಿಯ ಮದುವೆಗೆ ಐದು ವಾರಕ್ಕೆ ಸೇಡಂಗೆ ಬಂದಿದ್ದೀರಿ. ಪೌರತ್ವಕ್ಕೆ ಬೇಕಾದ ಐದು ವರ್ಷದ ಲೆಕ್ಕ ಮತ್ತೆ ಮೊದಲಿಂದ ಶುರುವಾಗುತ್ತಾ, ಊರಲ್ಲಿದ್ದ ದಿನಗಳನ್ನು ಕಳೆಯಬೇಕಾ ಅಂತ ಕೇಳಿದ್ದೀರಿ.

ಎರಡೂ ಇಲ್ಲ. ಐದು ವರ್ಷ ಎಣಿಸುವುದು ಇಡೀ ದೇಶದ ಲೆಕ್ಕದಲ್ಲಿ. ರಾಜ್ಯದ ಮಟ್ಟಿಗೆ ಇರುವುದು ಒಂದೇ ಷರತ್ತು: ಎನ್-400 ಅನ್ನುವ ಪೌರತ್ವದ ಅರ್ಜಿ ಹಾಕುವ ಹೊತ್ತಿಗೆ ಅಲ್ಲಿ ನೆಲೆಸಿ ಮೂರು ತಿಂಗಳಾಗಿರಬೇಕು. ಟೆಕ್ಸಾಸ್‌ನಿಂದ ಊರಿಗೆ ಬಂದು, ತಿರುಗಿ ಅಲ್ಲಿಗೇ ಹೋದರೆ ಮದುವೆಯ ದಿನಗಳೂ ಆ ಮೂರು ತಿಂಗಳಲ್ಲೇ ಸೇರುತ್ತವೆ. ಅಂದರೆ ಡಿಸೆಂಬರ್ 12 ದಾಟಲಿ. ನಾನಾದರೆ ಇನ್ನೊಂದು ವಾರ ಬಿಟ್ಟೇ ಹಾಕುತ್ತೇನೆ. ಆನ್‌ಲೈನ್ ಅರ್ಜಿಗೆ 710 ಡಾಲರ್, ತಿರಸ್ಕಾರವಾದರೆ ಅದು ವಾಪಸ್ ಬರಲ್ಲ. ಸುಮ್ನೆ ಅವಸರ ಯಾಕೆ? ಮನೆ ಕರಾರು, ಲೈಟ್ ಬಿಲ್ಲು, ಹೊಸ ಲೈಸೆನ್ಸು ತೆಗೆದಿಟ್ಟುಕೊಳ್ಳಿ. ವಿಳಾಸ ಬದಲಾದ 10 ದಿನದೊಳಗೆ ಅಲ್ಲಿನ ವಲಸೆ ಇಲಾಖೆ ಯುಎಸ್‌ಸಿಐಎಸ್‌ಗೆ ತಿಳಿಸಬೇಕಿತ್ತು. ಮರೆತಿದ್ದರೆ ಇವತ್ತೇ ಆನ್‌ಲೈನಲ್ಲಿ ಮಾಡಿಬಿಡಿ.

ನಿಜವಾಗಿ ಕಾಡುವುದು ರಾಜ್ಯ ಅಲ್ಲ ನೋಡ್ರಿ, ಊರಿಗೆ ಬಂದು ಉಳಿದುಬಿಡುವುದು. 2019ರಲ್ಲಿ ಅಪ್ಪನಿಗೆ ಲಕ್ವಾ ಹೊಡೆಯಿತು. ಎರಡು ವಾರಕ್ಕೆಂದು ಕಲಬುರಗಿಗೆ ಬಂದವನು ಏಳು ತಿಂಗಳು ಇಲ್ಲೇ ಉಳಿದೆ. ಒಂದೇ ಸಲಕ್ಕೆ ಆರು ತಿಂಗಳು ದಾಟಿದರೆ ಅಮೆರಿಕದ ಸತತ ವಾಸ ಮುರಿದಿದೆ ಅಂತಲೇ ಇಲಾಖೆಯವರು ಹಿಡಿಯುತ್ತಾರೆ. ಮುರಿದಿಲ್ಲ ಅಂತ ತೋರಿಸುವ ಹೊಣೆ ನಮ್ಮದು. ಇಂಟರ್‌ವ್ಯೂನಲ್ಲಿ ಅಧಿಕಾರಿ ಪಾಸ್‌ಪೋರ್ಟ್ ಪುಟ ತಿರುವುತ್ತಾ ಹೈದರಾಬಾದ್ ವಿಮಾನ ನಿಲ್ದಾಣದ ಎರಡು ಸೀಲುಗಳ ಮೇಲೆ ಬೆರಳಿಟ್ಟರು. ಒಂದು ಬಂದದ್ದು, ಒಂದು ಹೋದದ್ದು. ಹೆಂಡತಿ ಅಲ್ಲೇ ಇದ್ದಳು, ಬಾಡಿಗೆ ಕಟ್ಟುತ್ತಲೇ ಇದ್ದೆವು, ನೌಕರಿ ಬಿಟ್ಟಿರಲಿಲ್ಲ. ಬಾಯಲ್ಲಿ ಎಲ್ಲ ಹೇಳಿದೆ. ಆದರೆ ಕಂಪನಿ ಕೊಟ್ಟಿದ್ದ ರಜೆ ಪತ್ರ ಜೊತೆಗೆ ಒಯ್ದಿರಲಿಲ್ಲ! ಕಾಗದ ಕಳಿಸಿ ಅಂತ ಪತ್ರ ಬಂತು, ನಿರ್ಧಾರ ಎರಡು ತಿಂಗಳು ಮುಂದೆ ಹೋಯಿತು. ನಿಮ್ಮದು ಐದು ವಾರ, ಚಿಂತೆ ಇಲ್ಲ. ಆದರೆ ಐದು ವರ್ಷದಲ್ಲಿ ಒಟ್ಟು 30 ತಿಂಗಳಾದರೂ ಅಮೆರಿಕದ ನೆಲದಲ್ಲಿ ಇದ್ದಿರಬೇಕು. ಹೋದ ಬಂದ ತಾರೀಖುಗಳನ್ನು ಈಗಲೇ ಬರೆದಿಟ್ಟುಕೊಳ್ಳಿ.

ಪೌರತ್ವಕ್ಕೆ ಅಮೆರಿಕದ ಇತಿಹಾಸ, ಸರ್ಕಾರದ ಬಗ್ಗೆ ಕೇಳುವ ಪರೀಕ್ಷೆಯೂ ಬದಲಾಗಿದೆ. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ 128 ಪ್ರಶ್ನೆಗಳ ಪಟ್ಟಿ. ಅದರಲ್ಲಿ 20ರವರೆಗೆ ಕೇಳುತ್ತಾರೆ, 12 ಸರಿಯಾಗಬೇಕು. ನಮ್ಮ ಕಾಲಕ್ಕೆ ಹತ್ತರಲ್ಲಿ ಆರು ಸಾಕಿತ್ತು.

ನೀವು ಕೇಳದಿದ್ದರೂ ಒಂದು ಮಾತು, ಯಾಕೆಂದರೆ ಮನೆಯಲ್ಲಿ ಕೇಳಿಯೇ ಕೇಳುತ್ತಾರೆ. ನಮ್ಮವ್ವ ತೊಗರಿ ಹಸನು ಮಾಡುತ್ತಾ, ಮೊರದಿಂದ ತಲೆ ಎತ್ತದೆ, "ಹಂಗಾದ್ರ ಹೊಲ ಹೋಗ್ತದೇನಪ್ಪಾ?" ಅಂದಳು. ಹೋಗಲ್ಲ. ಅಮೆರಿಕದ ಪೌರತ್ವದ ಪ್ರಮಾಣವಚನದೊಂದಿಗೆ ಹೋಗುವುದು ಭಾರತದ ಪೌರತ್ವ ಮತ್ತು ಮತದಾನದ ಹಕ್ಕು. ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು, ಆಮೇಲೆ ಓಸಿಐ ಕಾರ್ಡ್ (ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡು) ಮಾಡಿಸಿಕೊಳ್ಳಬಹುದು. ಹಿರಿಯರಿಂದ ಬಂದ ಹೊಲ ಓಸಿಐ ಇದ್ದವರೂ ಇಟ್ಟುಕೊಳ್ಳಬಹುದು. ಹೊಸದಾಗಿ ಕೃಷಿ ಜಮೀನು ಕೊಳ್ಳೋಕಾಗಲ್ಲ ನಿಜ, ಆದರೆ ಎನ್‌ಆರ್‌ಐ ಆಗಿದ್ದಾಗಲೂ ಅದು ಆಗುತ್ತಿರಲಿಲ್ಲ ಅಲ್ವಾ. ಪಕ್ಕದ ನಾಲ್ಕು ಎಕರೆ ಮಾರಾಟಕ್ಕೆ ಬಂದಾಗ ತೊಗೊಂಡದ್ದು ಊರಲ್ಲಿರುವ ತಮ್ಮ.

ಓಸಿಐ ಫಾರ್ಮಿನಲ್ಲಿ ಹುಟ್ಟೂರು ಬರೆಯುವಾಗ ಕೈ ನಿಂತಿತು. ನಮ್ಮೂರು ಅಧಿಕೃತವಾಗಿ ಕಲಬುರಗಿ ಆದದ್ದು 2014ರ ನವೆಂಬರ್ 1ರಂದು, ನನ್ನ ಹಳೇ ಪಾಸ್‌ಪೋರ್ಟಿನಲ್ಲಿ ಇನ್ನೂ ಗುಲ್ಬರ್ಗಾ. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಬರೆದೆ. ಯಾರೂ ತಕರಾರು ಮಾಡಲಿಲ್ಲ.