ಬೀಳೋ ಹಲ್ಲಿಗೆ ಯಾಕ ಇಷ್ಟು ಖರ್ಚು?

ಪ್ರಶ್ನೆ: ಮಗನಿಗೆ ನಾಲ್ಕು ವರ್ಷ. ಕೆಳಗಿನ ದವಡೆ ಹಲ್ಲು ಹುಳುಕಾಗಿ, ರಾತ್ರಿ ಎದ್ದು ಅಳುತ್ತಾನೆ. ವೈದ್ಯರು ರೂಟ್ ಕೆನಾಲ್ ಮಾಡಿ ಸ್ಟೀಲ್ ಕ್ಯಾಪ್ ಹಾಕೋಣ ಅಂತಾರೆ. ನಮ್ಮ ಅತ್ತೆಯವರು ‘ಹೆಂಗಿದ್ರೂ ಬೀಳೋ ಹಲ್ಲು, ಕಿತ್ತಿಸಿಬಿಡ್ರಿ’ ಅಂತಾರೆ. ಯಾರ ಮಾತು ಕೇಳಬೇಕು?
— ಓದುಗರೊಬ್ಬರು, ಹಳೇ ಹುಬ್ಬಳ್ಳಿ

ಉತ್ತರ: ಹಲ್ಲು ಉಳಿಸುವ ಸ್ಥಿತಿಯಲ್ಲಿದ್ದರೆ ವೈದ್ಯರ ಮಾತು ಕೇಳಿ. ಮುಂದಿನ ಹಾಲುಹಲ್ಲು ಆರೇಳು ವರ್ಷಕ್ಕೆ ಬೀಳುತ್ತವೆ, ದವಡೆಯವು ಬೀಳುವುದು 10ರಿಂದ 12ಕ್ಕೆ. ನಿಮ್ಮ ಮಗ ಅದೇ ಹಲ್ಲಿನಿಂದ ಇನ್ನೂ ಆರೇಳು ವರ್ಷ ರೊಟ್ಟಿ ಅಗಿಯಬೇಕು.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಆರನೇ ವರ್ಷಕ್ಕೆ, ಕೊನೆಯ ಹಾಲುಹಲ್ಲಿನ ಹಿಂದೆ, ಮೊದಲ ಶಾಶ್ವತ ದವಡೆ ಹಲ್ಲು ಬರುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲ, ಹಾಗಾಗಿ ಎಷ್ಟೋ ಮನೆಗಳಲ್ಲಿ ಅದನ್ನೂ ಹಾಲುಹಲ್ಲೆಂದೇ ತಿಳಿದು ಕೆಡಲು ಬಿಡುತ್ತಾರೆ. ಅದರ ಪಕ್ಕದ ಹಾಲು ದವಡೆ ಹಲ್ಲನ್ನು ಬೇಗ ಕಿತ್ತರೆ ಈ ಹೊಸ ಹಲ್ಲು ಖಾಲಿ ಜಾಗಕ್ಕೆ ಸರಿಯುತ್ತದೆ. ಕೆಳಗೆ ಕಾಯುತ್ತಿರುವ ಹಲ್ಲಿಗೆ ದಾರಿ ಇಲ್ಲದೆ ಅದು ಅಡ್ಡ ಬರುತ್ತದೆ ಅಥವಾ ಎಲುಬಿನೊಳಗೇ ಉಳಿಯುತ್ತದೆ. ಕೀಳಲೇಬೇಕಾದರೆ ಜಾಗ ಹಿಡಿಯುವ ತಂತಿ ಹಾಕಿಸಿ. ಆರು ತಿಂಗಳಿಗೊಮ್ಮೆ ಅದರ ಸಿಮೆಂಟ್ ಬಿಟ್ಟಿದೆಯೇ ಎಂದು ತೋರಿಸಿ, ಕೆಳಗಿನ ಹಲ್ಲು ಮೂಡುವಾಗ ತೆಗೆಸಿ.

ಹಾಲುಹಲ್ಲಿನ ಹೊರಪದರ ತೆಳು, ಒಳಗಿನ ನರದ ಕೋಣೆ ದೊಡ್ಡದು. ಹುಳುಕು ಬಹಳ ಬೇಗ ನರ ಮುಟ್ಟುತ್ತದೆ. ರೂಟ್ ಕೆನಾಲ್ ಎಂದರೆ ಬೇರಿನ ನಾಳಗಳನ್ನು ತೊಳೆದು, ಕಾಲಕ್ರಮೇಣ ಕರಗುವ ಪೇಸ್ಟ್ ತುಂಬುತ್ತಾರೆ. ಏಕೆಂದರೆ ಹೊಸ ಹಲ್ಲು ಬರುವಾಗ ಹಳೆಯದರ ಬೇರು ಕರಗಬೇಕು. ದೊಡ್ಡವರಿಗೆ ತುಂಬುವ ರಬ್ಬರಿನಂಥ ವಸ್ತು ಕರಗುವುದಿಲ್ಲ, ಅದು ಇಲ್ಲಿ ಸಲ್ಲದು. ನಂತರ ಕ್ಯಾಪ್ ಬೇಕೇ ಬೇಕು. ಅದಿಲ್ಲದಿದ್ದರೆ ಉಳಿದ ತೆಳು ಗೋಡೆ ಒಡೆಯುತ್ತದೆ, ಹಾಕಿಸಿದ ಹಣವೂ ಹೋಗುತ್ತದೆ.

ನೋವಿಗೆ ಲವಂಗದ ಎಣ್ಣೆ ಹಚ್ಚಬೇಡಿ, ಮಗುವಿನ ಒಸಡು ಸುಡುತ್ತದೆ. ಕೆನ್ನೆ ಊದಿದರೆ, ಜ್ವರ ಬಂದರೆ ಅದೇ ದಿನ ಕರೆದೊಯ್ಯಿರಿ.

ಪ್ರಶ್ನೆ: ಮಗಳಿಗೆ ಒಂದೂವರೆ ವರ್ಷ. ಮೇಲಿನ ಮುಂದಿನ ಹಲ್ಲುಗಳು ಕಂದಾಗುತ್ತಿವೆ, ಕೆಳಗಿನವು ಚೆನ್ನಾಗಿವೆ. ಬಾಟಲಿ ಹಾಲು ಕುಡಿಯುತ್ತಾ ಮಲಗುತ್ತಾಳೆ.
— ತಾಯಿ, ಧಾರವಾಡ

ಉತ್ತರ: ಕಾರಣ ಬಾಟಲಿಯೇ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ, ಹಾಲು ಮೇಲಿನ ಹಲ್ಲುಗಳ ಸುತ್ತ ನಿಲ್ಲುತ್ತದೆ. ಕೆಳಗಿನವನ್ನು ನಾಲಿಗೆ ಮುಚ್ಚಿ ಕಾಯುತ್ತದೆ. ಬೆಲ್ಲ-ಸಕ್ಕರೆ ಹಾಕಿದ್ದರೆ ಇನ್ನೂ ಬೇಗ ಕೆಡುತ್ತವೆ.

ಮಗುವಿನ ತಲೆ ನಿಮ್ಮ ತೊಡೆಯ ಮೇಲೆ ಬರುವಂತೆ ಕಿಟಕಿಯ ಬೆಳಕಿನಲ್ಲಿ ಮಲಗಿಸಿ, ತುಟಿಯನ್ನು ಬೆರಳಿನಿಂದ ಮೇಲೆತ್ತಿ ನೋಡಿ. ಒಸಡಿನ ಅಂಚಿನಲ್ಲಿ ಸೀಮೆಸುಣ್ಣ ಗೀಚಿದಂಥ ಬಿಳಿ ಗೆರೆ ಇದ್ದರೆ ಅದು ಆರಂಭ. ಬಾಟಲಿ ಬಿಡಿಸಿ, ಫ್ಲೋರೈಡ್ ಹಚ್ಚಿಸಿದರೆ ಅಲ್ಲಿಗೇ ನಿಲ್ಲಬಹುದು. ಕಂದು ಬಣ್ಣ, ಗುಳಿ ಕಂಡರೆ ತಡ ಮಾಡಬೇಡಿ. ಕೆಲವೊಮ್ಮೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಹಚ್ಚುತ್ತಾರೆ. ಡ್ರಿಲ್ ಬೇಡ, ಹುಳುಕು ನಿಲ್ಲುತ್ತದೆ, ಆದರೆ ಕೆಟ್ಟ ಭಾಗ ಕಪ್ಪಾಗುತ್ತದೆ. ಇದನ್ನು ಮೊದಲೇ ತಿಳಿದು ಒಪ್ಪಿ, ಆಮೇಲೆ ಗಾಬರಿಯಾಗುವುದು ಬೇಡ.

ಹಾಲು ಕುಡಿಸಿ, ಹಲ್ಲು ತಿಕ್ಕಿ, ಬಳಿಕ ಬರೀ ನೀರು. ಈ ಕ್ರಮ ತಪ್ಪಬಾರದು. ಏಳೆಂಟು ವರ್ಷದವರೆಗೆ ನೀವೇ ತಿಕ್ಕಿಸಿ, ಮಗುವಿನ ಕೈಗೆ ಅಷ್ಟು ಹಿಡಿತ ಇರುವುದಿಲ್ಲ.

ಪ್ರಶ್ನೆ: ನಮ್ಮೂರ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಮಕ್ಕಳಿಗೆ ಫ್ಲೋರೈಡ್ ಪೇಸ್ಟ್ ಕೊಡಬಹುದೇ?
— ಓದುಗರೊಬ್ಬರು, ಮುಂಡರಗಿ ತಾಲ್ಲೂಕು

ಉತ್ತರ: ಲೆಕ್ಕ ಹಾಕಿ ನೋಡಿ. 1000 ಪಿಪಿಎಂ (ಗ್ರಾಂಗೆ 1 ಮಿ.ಗ್ರಾಂ ಫ್ಲೋರೈಡ್ ಇರುವ) ಪೇಸ್ಟ್ ಅಕ್ಕಿಕಾಳಿನಷ್ಟು, ಅಂದರೆ ಸುಮಾರು 0.1 ಗ್ರಾಂ ಇದ್ದರೆ, ಅದರಲ್ಲಿ 0.1 ಮಿ.ಗ್ರಾಂ ಫ್ಲೋರೈಡ್. ಲೀಟರಿಗೆ 2 ಮಿ.ಗ್ರಾಂ ಇರುವ ನೀರನ್ನು ಮಗು ದಿನಕ್ಕೆ ಒಂದು ಲೀಟರ್ ಕುಡಿದರೆ ಅದರ ಇಪ್ಪತ್ತು ಪಟ್ಟು, ಅದೂ ಪೂರ್ತಿ ಹೊಟ್ಟೆಗೆ. ಹಾಗಾಗಿ ಮೊದಲು ನೀರು ಸರಿಪಡಿಸಿ. ಭಾರತೀಯ ಮಾನಕದಲ್ಲಿ ಲೀಟರಿಗೆ 1 ಮಿ.ಗ್ರಾಂ ಒಪ್ಪುವ ಮಟ್ಟ. ಬೇರೆ ಮೂಲವೇ ಇಲ್ಲದಿದ್ದರೆ ಮಾತ್ರ 1.5ರವರೆಗೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ದಟ್ಟವಾಗುತ್ತದೆ. ಕ್ಯಾಂಡಲ್ ಫಿಲ್ಟರ್‌ನಿಂದಲೂ ಆಗದು. ಆರ್‌ಒ, ಮಳೆ ನೀರು ಅಥವಾ ನದಿ ನೀರಿನ ಕೊಳಾಯಿ ಸರಿ.

ಶಾಶ್ವತ ಹಲ್ಲಿನ ಹೊರಪದರ ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ ಒಸಡಿನೊಳಗೆ ಕಟ್ಟುತ್ತಿರುತ್ತದೆ, ಹೆಚ್ಚಾದ ಫ್ಲೋರೈಡ್‌ನಿಂದ ಕಲೆ ಬೀಳುವುದು ಆಗಲೇ. ಬಂದ ಕಲೆ ಕ್ಲೀನಿಂಗ್‌ನಿಂದ ಹೋಗದು. ನೀರು ಸರಿಯಾಗುವವರೆಗೆ ಆರು ವರ್ಷದೊಳಗಿನವರ ಪೇಸ್ಟನ್ನು ವೈದ್ಯರನ್ನು ಕೇಳಿಯೇ ತೀರ್ಮಾನಿಸಿ. ಸರಿಯಾದ ಮೇಲೆ ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ನಂತರ ಬಟಾಣಿಯಷ್ಟು. ಜಾಹೀರಾತಿನಲ್ಲಿ ತೋರಿಸುವಂತೆ ಬ್ರಷ್ ತುಂಬ ಬೇಡ. ಮಕ್ಕಳ ಪೇಸ್ಟ್ ಎಂದು ಬರೆದ ಎಷ್ಟೋ ಟ್ಯೂಬಿನಲ್ಲಿ ಫ್ಲೋರೈಡೇ ಇರುವುದಿಲ್ಲ, ಹಿಂಬದಿ ಓದಿ ತನ್ನಿ.

ಪ್ರಶ್ನೆ: ಊರಿನ ದಂತವೈದ್ಯರು ಮಗುವನ್ನು ಮಕ್ಕಳ ದಂತತಜ್ಞರ ಬಳಿ ಕಳಿಸಿದರು. ಅವರು ಬೇರೆ ಏನು ಕಲಿತಿರುತ್ತಾರೆ?
— ತಂದೆ, ರಾಣೇಬೆನ್ನೂರು

ಉತ್ತರ: ದಂತವೈದ್ಯರ ಪದವಿ ಬಿಡಿಎಸ್ ನಾಲ್ಕು ವರ್ಷ, ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ಮಕ್ಕಳ ವಿಷಯ ಅಲ್ಲಿ ಹಲವಾರರಲ್ಲಿ ಒಂದು. ತಜ್ಞರಾಗಲು ನೀಟ್-ಎಂಡಿಎಸ್ ಪ್ರವೇಶ ಪರೀಕ್ಷೆ ಬರೆದು ಮತ್ತೆ ಮೂರು ವರ್ಷ ಅದೇ ವಿಭಾಗದಲ್ಲಿ ಓದಬೇಕು. ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ಕಾಲೇಜಿನಂಥ ಬೋಧನಾ ಆಸ್ಪತ್ರೆಗಳಲ್ಲಿ ಈ ತರಬೇತಿ ನಡೆಯುತ್ತದೆ.

ಅಲ್ಲಿ ಕಲಿಸುವುದರಲ್ಲಿ ಮೊದಲನೆಯದು ಹೇಳಿ, ತೋರಿಸಿ, ಮಾಡುವ ಕ್ರಮ. ಗಾಳಿ ಬಿಡುವ ಸಾಧನವನ್ನು ಮೊದಲು ಮಗುವಿನ ಅಂಗೈಗೆ ಬಿಟ್ಟು, ಆಮೇಲೆ ಬಾಯಿಗೆ. ಎರಡನೆಯದು ತೂಕದ ಲೆಕ್ಕ. ಮರಗಟ್ಟಿಸುವ ಲಿಗ್ನೋಕೇನ್ ಕೆಜಿಗೆ 4.4 ಮಿ.ಗ್ರಾಂ ಮೀರಬಾರದು. 12 ಕೆಜಿ ಮಗುವಿಗೆ 2% ಔಷಧ ಸುಮಾರು 2.6 ಮಿ.ಲೀ. ಮಾತ್ರ. ಅದಕ್ಕೇ ಒಂದೇ ದಿನ ಬಾಯಿಯ ನಾಲ್ಕೂ ಕಡೆ ಮಾಡಿ ಎಂದು ಒತ್ತಾಯಿಸಬೇಡಿ. ಮನೆಗೆ ಬಂದ ಮೇಲೆ ಎರಡು ಮೂರು ತಾಸು ತುಟಿ ಕಚ್ಚಿಕೊಳ್ಳದಂತೆ ಪಕ್ಕದಲ್ಲೇ ಕೂತಿರಿ, ಕಚ್ಚಿದ ತುಟಿ ಮರುದಿನ ಊದಿ ಗಾಯವಾಗುತ್ತದೆ. ‘ಸೂಜಿ ಚುಚ್ಚಿಸ್ತೀನಿ ನೋಡು’ ಎಂದು ಮನೆಯಲ್ಲಿ ಹೆದರಿಸಿ ಕರೆತಂದ ಮಗುವನ್ನು ಸಮಾಧಾನ ಮಾಡಲು ಯಾವ ತಜ್ಞರಿಗೂ ಕಷ್ಟ.

ಪ್ರಶ್ನೆ: ಖೋಖೋ ಆಡುವಾಗ ಒಂಬತ್ತು ವರ್ಷದ ವಿದ್ಯಾರ್ಥಿನಿಯ ಮುಂದಿನ ಹಲ್ಲು ಬುಡಸಮೇತ ಬಿತ್ತು. ಕಾಗದದಲ್ಲಿ ಸುತ್ತಿ ಕಳಿಸಿದೆವು. ಸರಿಯೇ?
— ಶಿಕ್ಷಕರು, ಗದಗ

ಉತ್ತರ: ಕಾಗದದಲ್ಲಿ ಒಣಗಿದರೆ ಬೇರಿನ ಮೇಲಿನ ಜೀವಕೋಶಗಳು ಸಾಯುತ್ತವೆ. ಬೇರು ಮುಟ್ಟದೆ ಮೇಲ್ಭಾಗ ಹಿಡಿದು, ಮಣ್ಣಾಗಿದ್ದರೆ ಹಾಲಿನಲ್ಲಿ ಅಥವಾ ನೀರಿನಲ್ಲಿ ಹತ್ತು ಸೆಕೆಂಡ್ ಅದ್ದಿ, ಉಜ್ಜಬೇಡಿ. ಸಾಧ್ಯವಾದರೆ ಅಲ್ಲೇ ಗುಳಿಯಲ್ಲಿ ಕೂರಿಸಿ, ಕರವಸ್ತ್ರ ಕಚ್ಚಿಸಿ. ಆಗದಿದ್ದರೆ ತಣ್ಣನೆಯ ಹಾಲಿನಲ್ಲಿ ಹಾಕಿಕೊಂಡು ಅರ್ಧ ತಾಸಿನೊಳಗೆ ವೈದ್ಯರ ಬಳಿ ಹೋಗಿ. ಚಿಕ್ಕ ಮಗುವಿನ ಹಾಲುಹಲ್ಲು ಹೀಗೆ ಬಿದ್ದರೆ ಮಾತ್ರ ಮತ್ತೆ ಕೂರಿಸಬಾರದು, ಮೇಲಿರುವ ಹೊಸ ಹಲ್ಲಿನ ಮೊಗ್ಗಿಗೆ ಪೆಟ್ಟಾಗುತ್ತದೆ.