ಎರಡನೆಯ ಸಿನಿಮಾ ಯಾಕೆ ಮೇಲು ಅಂತ ನೀವಿನ್ನೂ ಹೇಳಿಲ್ಲ

ನಮಸ್ಕಾರ.

ನೀವು ಕಳಿಸಿದ ಲೇಖನ ಓದಿದೆ. ಹಾಲಿವುಡ್‌ನ ಹಂಗರ್ ಗೇಮ್ಸ್ ಸರಣಿಯಲ್ಲಿ 2013ರಲ್ಲಿ ಬಂದ 'ಕ್ಯಾಚಿಂಗ್ ಫೈರ್' ಅದರ ಹಿಂದಿನ ವರ್ಷ ಬಂದ ಮೊದಲ ಸಿನಿಮಾಕ್ಕಿಂತ ಮೇಲು ಅನ್ನುವುದು ನಿಮ್ಮ ವಾದ. ವಾದ ಸರಿಯಾಗಿಯೇ ಇದೆ, ನಾನೂ ಒಪ್ಪುತ್ತೇನೆ. ಆದರೆ ಲೇಖನವನ್ನು ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಮೇಲು, ಮೇಲು ಅಂತ ಪುಟಕ್ಕೊಂದು ಸಲ ಹೇಳಿದ್ದೀರಿ. ಯಾಕೆ ಅನ್ನುವುದು ಮಾತ್ರ ಬಂದಿಲ್ಲ.

ಮೊದಲು ಕಥಾಸಾರ ಕತ್ತರಿಸಿ. ಎರಡು ಪುಟ ಅದಕ್ಕೇ ಹೋಗಿದೆ. ಓದುಗರಿಗೆ ಬೇಕಾಗಿರುವುದು ಇಷ್ಟೇ: ಪನೆಮ್ ಅನ್ನುವ ದೇಶ, ಕ್ಯಾಪಿಟಲ್ ಅನ್ನುವ ಶ್ರೀಮಂತ ರಾಜಧಾನಿ, ಅದರ ಅಡಿಯಾಳಾಗಿ ಬದುಕುವ 12 ಡಿಸ್ಟ್ರಿಕ್ಟ್‌ಗಳು. ಹಿಂದೊಮ್ಮೆ ದಂಗೆ ಎದ್ದ ತಪ್ಪಿಗೆ ಪ್ರತಿ ವರ್ಷ ಪ್ರತಿ ಡಿಸ್ಟ್ರಿಕ್ಟ್ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಕಳಿಸಬೇಕು. ಆ 24 ಮಕ್ಕಳು ಒಬ್ಬರನ್ನೊಬ್ಬರು ಕೊಲ್ಲುವುದನ್ನು ಇಡೀ ದೇಶ ಟಿವಿಯಲ್ಲಿ ನೋಡಬೇಕು, ಕೊನೆಗೆ ಒಬ್ಬರೇ ಉಳಿಯಬೇಕು. ಡಿಸ್ಟ್ರಿಕ್ಟ್ 12ರಿಂದ ಹೋದ ಕ್ಯಾಟ್ನಿಸ್ ಮತ್ತು ಪೀಟಾ ಇಬ್ಬರೂ ವಿಷದ ಹಣ್ಣು ಬಾಯಿಗೆ ಹಾಕಿಕೊಳ್ಳಲು ಹೊರಟು, ಆಟ ನಡೆಸುವವರನ್ನೇ ಹೆದರಿಸಿ, ಜೋಡಿಯಾಗಿ ಬದುಕಿ ಬರುತ್ತಾರೆ. ಇಷ್ಟು ಸಾಕು. ಯಾರು ಯಾರನ್ನು ಹೇಗೆ ಕೊಂದರು ಅನ್ನುವ ಪಟ್ಟಿ ಬೇಡ.

ಆಮೇಲೆ ಬಜೆಟ್ಟು, ಕಲೆಕ್ಷನ್ನು. ಮೊದಲನೆಯದು ಪ್ರಪಂಚದಾದ್ಯಂತ ಸುಮಾರು 69 ಕೋಟಿ ಡಾಲರ್ ಗಳಿಸಿತು, ಎರಡನೆಯದು 86 ಕೋಟಿ ದಾಟಿತು ಅಂತ ಬರೆದು, ಅದನ್ನೇ ಸಾಕ್ಷಿಯಾಗಿ ಮುಂದಿಟ್ಟಿದ್ದೀರಿ. ಜಾಸ್ತಿ ಜನ ಟಿಕೆಟ್ ತೆಗೆದುಕೊಂಡರು ಅಂದರೆ ಮೊದಲನೆಯದು ಅವರಿಗೆ ಹಿಡಿಸಿತ್ತು ಅಂತಲೂ ಆಗಬಹುದು, ಅಲ್ವಾ? ಖರ್ಚು ಹೆಚ್ಚಾದದ್ದೂ ನಿಜ. ವಿಷದ ಮಂಜು, ದಾಳಿ ಮಾಡುವ ಕೋತಿಗಳು ಅದರಿಂದ ಚೆನ್ನಾಗಿ ಬಂದಿರಬಹುದು. ಆದರೆ ನಿಮ್ಮನ್ನು ಈ ಸಿನಿಮಾ ಕಾಡಿದ್ದು ಕೋತಿಗಳಿಂದಲ್ಲ, ಅದು ನಿಮ್ಮ ಬರಹದಲ್ಲೇ ಗೊತ್ತಾಗುತ್ತದೆ.

'ಅದ್ಭುತ ಛಾಯಾಗ್ರಹಣ' ಅಂತ ಒಂದು ಸಾಲು ಹಾಕಿ ಮುಂದೆ ಹೋಗಿಬಿಟ್ಟಿದ್ದೀರಿ. ಇಲ್ಲಿ ನಿಲ್ಲಬೇಕಿತ್ತು. ಮೊದಲ ಸಿನಿಮಾದ ನಿರ್ದೇಶಕ ಗ್ಯಾರಿ ರಾಸ್ ಕ್ಯಾಮೆರಾವನ್ನು ಕೈಯಲ್ಲೇ ಹಿಡಿಸಿ ಅಲ್ಲಾಡಿಸುತ್ತಾರೆ. ಹೆಸರು ಕೂಗುವ ದಿನ ಡಿಸ್ಟ್ರಿಕ್ಟ್ 12ರ ಮಕ್ಕಳು ಸಾಲಾಗಿ ಬರುವಾಗ ಆ ಅಲ್ಲಾಟ ಚೆನ್ನಾಗಿ ಹೊಂದುತ್ತದೆ, ಎದೆ ನಡುಗಿದ ಹಾಗೇ ಇರುತ್ತದೆ. ಅದೇ ಅಲ್ಲಾಟ ಅಖಾಡದ ಮೊದಲ ಹೊಡೆದಾಟದಲ್ಲೂ ಬಂದಾಗ ಯಾರು ಯಾರಿಗೆ ಹೊಡೆದರು ಅಂತಲೇ ತಿಳಿಯುವುದಿಲ್ಲ. ಎರಡನೆಯದಕ್ಕೆ ಬಂದ ಫ್ರಾನ್ಸಿಸ್ ಲಾರೆನ್ಸ್ ಕ್ಯಾಮೆರಾವನ್ನು ನಿಲ್ಲಿಸಿದರು. ಅಖಾಡದ ಭಾಗವನ್ನು ಭಾರೀ ಪರದೆಗೆಂದೇ ಇರುವ ಐಮ್ಯಾಕ್ಸ್ ಕ್ಯಾಮೆರಾದಲ್ಲಿ ತೆಗೆದರು. ಮತ್ತೆ ಆಟಕ್ಕೆ ಇಳಿಯಬೇಕಾಗಿ ಬಂದ ಕ್ಯಾಟ್ನಿಸ್ ಗಾಜಿನ ಕೊಳವೆಯೊಳಗೆ ನಿಂತಿದ್ದಾಳೆ, ಹೊರಗೆ ಅವಳಿಗೆ ಬಟ್ಟೆ ಹೊಲಿದುಕೊಟ್ಟ ಸಿನ್ನಾನನ್ನು ಅವಳ ಕಣ್ಣೆದುರೇ ಬಡಿಯುತ್ತಿದ್ದಾರೆ, ಅವಳು ಗಾಜು ಗುದ್ದುತ್ತಿರುವಾಗಲೇ ಅಡಿಯ ಹಲಗೆ ಮೇಲೇರುತ್ತದೆ, ಐಮ್ಯಾಕ್ಸ್‌ನಲ್ಲಿ ನೋಡಿದವರಿಗೆ ಆ ಹೊತ್ತಿಗೆ ಸರಿಯಾಗಿ ಚಿತ್ರವೇ ಮೇಲೆ ಕೆಳಗೆ ಹಿಗ್ಗಿ ಇಡೀ ಪರದೆ ತುಂಬಿಕೊಳ್ಳುತ್ತದೆ. ಸುತ್ತ ನೀರು, ಬಿಸಿಲು, ಓಡಲು ಜಾಗವಿಲ್ಲ. ಹೀಗೆ ಬರೆಯಿರಿ. 'ಅದ್ಭುತ' ಅನ್ನುವ ಪದ ಆಗ ಬೇಕಾಗುವುದೇ ಇಲ್ಲ.

ಈಗ ನಿಮ್ಮ ಲೇಖನದ ಒಳ್ಳೆಯ ಭಾಗಕ್ಕೆ ಬರುತ್ತೇನೆ. ಅದು ಐದನೆಯ ಪುಟದಲ್ಲಿ ಹೂತುಹೋಗಿದೆ. ಗೆದ್ದವರ ಮೆರವಣಿಗೆ ಡಿಸ್ಟ್ರಿಕ್ಟ್ 11ಕ್ಕೆ ಬರುವ ದೃಶ್ಯ. ಓದುತ್ತಿದ್ದ ಹಾಗೇ ನಿಮಗೆ ಬರೆಯಲು ಬರುತ್ತದೆ ಅಂತ ನನಗೆ ನಂಬಿಕೆ ಬಂತು. ಬರೆದುಕೊಟ್ಟ ಚೀಟಿ ಓದಿ ಮುಗಿಸಬೇಕಿದ್ದ ಕ್ಯಾಟ್ನಿಸ್, ಹಿಂದಿನ ಆಟದಲ್ಲಿ ತನ್ನ ಕಣ್ಣೆದುರು ಸತ್ತ ಪುಟ್ಟ ಹುಡುಗಿ ರೂಳ ಮನೆಯವರನ್ನು ನೋಡುತ್ತಾಳೆ, ಚೀಟಿ ಬಿಟ್ಟು ಮನಸ್ಸಿನ ಮಾತಾಡುತ್ತಾಳೆ. ಗುಂಪಿನಲ್ಲೊಬ್ಬ ಮುದುಕ ರೂಳ ಶಿಳ್ಳೆ ಹಾಕಿ ಮೂರು ಬೆರಳು ಎತ್ತುತ್ತಾನೆ. ಎಲ್ಲರೂ ಎತ್ತುತ್ತಾರೆ. ಪೊಲೀಸರು ಅವನನ್ನು ಎಳೆದು ತಂದು ಮಂಡಿಯೂರಿಸಿ ಗುಂಡು ಹೊಡೆಯುತ್ತಾರೆ. ಅವಳು ಒಳ್ಳೆಯ ಮಾತಾಡಿದ್ದಕ್ಕೆ ಅವನು ಸತ್ತ. ಅಲ್ಲಿಂದ ಮುಂದೆ ಪ್ರತಿ ಊರಿನಲ್ಲೂ ಅವಳು ಬೇರೆಯವರು ಬರೆದುಕೊಟ್ಟ ಚೀಟಿಯನ್ನೇ ಓದುತ್ತಾಳೆ.

ಇಲ್ಲೊಂದು ತಪ್ಪಿದೆ, ತಿದ್ದಿಕೊಳ್ಳಿ. ಮೂರು ಬೆರಳಿನ ವಂದನೆ ಎರಡನೆಯ ಸಿನಿಮಾದಲ್ಲೇ ಮೊದಲು ಬರುತ್ತದೆ ಅಂದಿದ್ದೀರಿ. ಮೊದಲನೆಯದರಲ್ಲೇ ಇದೆ. ತಂಗಿಯ ಬದಲು ನಾನು ಹೋಗುತ್ತೇನೆ ಅಂತ ಕ್ಯಾಟ್ನಿಸ್ ಮುಂದೆ ಬಂದಾಗ ಅವಳ ಊರಿನವರು ಸುಮ್ಮನೆ ನಿಂತು ಬೆರಳು ಎತ್ತುತ್ತಾರೆ. ರೂ ಸತ್ತಾಗ ಕ್ಯಾಟ್ನಿಸ್ ಕ್ಯಾಮೆರಾದ ಕಡೆ ಅದನ್ನೇ ಮಾಡುತ್ತಾಳೆ, ಡಿಸ್ಟ್ರಿಕ್ಟ್ 11ರಲ್ಲಿ ಗಲಭೆಯೂ ಆಗುತ್ತದೆ. ಈ ತಿದ್ದುಪಡಿಯಿಂದ ನಿಮ್ಮ ವಾದಕ್ಕೆ ಬಲವೇ ಬರುತ್ತದೆ. ಸನ್ನೆ ಅದೇ. ಮೊದಲನೆಯದರಲ್ಲಿ ಅದು ಗೌರವ, ದುಃಖ. ಎರಡನೆಯದರಲ್ಲಿ ಅದಕ್ಕೆ ಎಷ್ಟು ಬೆಲೆ ತೆರಬೇಕು ಅನ್ನುವುದು ಅವಳ ಕಣ್ಣೆದುರೇ ನಡೆಯುತ್ತದೆ. ಥೈಲ್ಯಾಂಡ್‌ನಲ್ಲಿ 2014ರ ಮೇ ತಿಂಗಳಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ಪ್ರತಿಭಟನೆಗೆ ಇಳಿದವರು ಇದೇ ಮೂರು ಬೆರಳು ಎತ್ತಿದರು, ಎತ್ತಿದ ವಿದ್ಯಾರ್ಥಿಗಳನ್ನು ಪೊಲೀಸರು ಹಿಡಿದುಕೊಂಡು ಹೋದರು. 2021ರಲ್ಲಿ ಮ್ಯಾನ್ಮಾರ್‌ನ ಬೀದಿಗಳಲ್ಲೂ ಅದೇ ಬೆರಳುಗಳು. ಇದನ್ನು ನೀವು ಹೇಳಲೇಬೇಕು. ಒಂದೆರಡು ಸಾಲಿನಲ್ಲಿ ಹೇಳಿ, ರಾಜಕೀಯ ಭಾಷಣ ಮಾಡಬೇಡಿ.

ನನಗೆ ಕಾಣುವ ಹಾಗೆ ನಿಮ್ಮ ಲೇಖನದ ಜೀವ ಇರುವುದೇ ಇಲ್ಲಿ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರಲ್ಲ, ಮೊದಲ ಸಿನಿಮಾ ಆ ದೊಣ್ಣೆ ತಪ್ಪಿಸಿಕೊಳ್ಳುವವರೆಗಿನ ಕಥೆ. ಎರಡನೆಯದರಲ್ಲಿ ದೊಣ್ಣೆ ಬೀಸಿದವನೇ ಮನೆಗೆ ಬಂದು ಕೂರುತ್ತಾನೆ. ಅಧ್ಯಕ್ಷ ಸ್ನೋ ಕ್ಯಾಟ್ನಿಸ್‌ಳ ಹೊಸ ಮನೆಯಲ್ಲಿ, ಮೇಜಿನ ಆ ಕಡೆ ಕೂತು, ದನಿ ಎತ್ತದೆ ಮಾತಾಡುತ್ತಾನೆ: ಪೀಟಾನ ಮೇಲಿನ ಪ್ರೀತಿ ನಿಜ ಅಂತ ಎಲ್ಲರನ್ನೂ ನಂಬಿಸು, ಇಲ್ಲದಿದ್ದರೆ ನಿನ್ನವರು ಉಳಿಯುವುದಿಲ್ಲ. ಗೆದ್ದದ್ದೇ ಸಾಲವಾಗಿಬಿಟ್ಟಿತು. ಹಾಗಾಗಿಯೇ 146 ನಿಮಿಷದ ಸಿನಿಮಾದಲ್ಲಿ ಹೆಚ್ಚುಕಡಿಮೆ ಅರ್ಧ ಮುಗಿಯುವವರೆಗೂ ಅಖಾಡವೇ ಬರುವುದಿಲ್ಲ, ಆದರೂ ಬೇಸರ ಆಗುವುದಿಲ್ಲ. ನೀವು 'ಮೊದಲರ್ಧ ಸ್ವಲ್ಪ ನಿಧಾನ' ಅಂತ ಬರೆದಿದ್ದೀರಿ. ನಿಮಗೆ ನಿಜವಾಗಿ ಹಾಗೆ ಅನ್ನಿಸಿತಾ, ಅಥವಾ ವಿಮರ್ಶೆ ಅಂದಮೇಲೆ ಇಂಥದ್ದೊಂದು ಸಾಲು ಇರಬೇಕು ಅಂತ ಬರೆದಿರಾ? ನನಗೆ ಆ ಮೊದಲರ್ಧವೇ ಸಿನಿಮಾದ ಬೆನ್ನೆಲುಬು.

ಇದನ್ನು ಓದುಗರಿಗೆ ತೋರಿಸಲು ಎರಡೂ ಸಿನಿಮಾದಿಂದ ಒಂದೇ ಥರದ ದೃಶ್ಯ ಎತ್ತಿಕೊಂಡು ಪಕ್ಕಪಕ್ಕ ಇಡಿ. ಆಟಕ್ಕೆ ಹೋಗುವವರ ಹೆಸರಿನ ಚೀಟಿ ಎತ್ತುವುದನ್ನೇ ತೆಗೆದುಕೊಳ್ಳಿ. ಮೊದಲನೆಯದರಲ್ಲಿ ಕ್ಯಾಪಿಟಲ್‌ನಿಂದ ಬಂದ, ಬಣ್ಣಬಣ್ಣದ ಬಟ್ಟೆ ತೊಟ್ಟ ಎಫಿ ಹಬ್ಬಕ್ಕೆ ಬಂದವಳ ಹಾಗೆ ಉತ್ಸಾಹದಿಂದ ಚೀಟಿ ಎತ್ತುತ್ತಾಳೆ, ಬಟ್ಟಲ ತುಂಬ ಹೆಸರುಗಳು. 75ನೆಯ ಆಟಕ್ಕೆ ಹಿಂದೆ ಗೆದ್ದವರೇ ಮತ್ತೆ ಬರಬೇಕು ಅನ್ನುವ ಹೊಸ ನಿಯಮ. ಡಿಸ್ಟ್ರಿಕ್ಟ್ 12ರಲ್ಲಿ ಗೆದ್ದು ಈಗ ಉಳಿದಿರುವ ಹೆಂಗಸು ಕ್ಯಾಟ್ನಿಸ್ ಒಬ್ಬಳೇ. ಚೀಟಿ ಎತ್ತುವ ಮೊದಲೇ ಹೆಸರು ಎಲ್ಲರಿಗೂ ಗೊತ್ತು, ಆದರೂ ಶಾಸ್ತ್ರ ಬಿಡುವ ಹಾಗಿಲ್ಲ. ಅದೇ ಎಫಿಗೆ ಆ ಹೆಸರು ಹೇಳುವಾಗ ದನಿ ಒಡೆಯುತ್ತದೆ. ಎಲಿಜಬೆತ್ ಬ್ಯಾಂಕ್ಸ್ ಅದನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆ! ನೀವು ಅವರ ಹೆಸರನ್ನೇ ಬಿಟ್ಟಿದ್ದೀರಿ. ಕ್ಯಾಟ್ನಿಸ್ ಪಾತ್ರ ಮಾಡಿದ ಜೆನಿಫರ್ ಲಾರೆನ್ಸ್ ಬಗ್ಗೆ ಒಂದು ಪುಟ ಬರೆದಿದ್ದೀರಿ, ಅದರಲ್ಲಿ ಅರ್ಧ ಆ ವರ್ಷ ಅವರಿಗೆ ಬೇರೆ ಸಿನಿಮಾಕ್ಕೆ ಆಸ್ಕರ್ ಬಂದ ವಿಷಯ. ಅದು ಬೇಡ. ಕೊನೆಯ ಶಾಟ್‌ನಲ್ಲಿ ಅವರ ಮುಖ ಅಳುವಿನಿಂದ ಸಿಟ್ಟಿಗೆ ತಿರುಗುವುದನ್ನು ಬರೆಯಿರಿ.

ಕೊರತೆಗಳನ್ನೂ ಹೇಳಬೇಕು. ಸಿನಿಮಾ ಮುಗಿಯುವುದಿಲ್ಲ, ನಿಲ್ಲುತ್ತದೆ. ಅವಳನ್ನು ಪಾರುಮಾಡುವ ದಂಗೆಕೋರರ ಯೋಜನೆ ಅಖಾಡದಲ್ಲಿ ಸುತ್ತಲಿದ್ದ ಹಲವರಿಗೆ ಗೊತ್ತು, ಆ ಗುಟ್ಟು ನಾಯಕಿಗೇ ಗೊತ್ತಿರುವುದಿಲ್ಲ, ಕೊನೆಯ ಕೆಲವೇ ನಿಮಿಷದಲ್ಲಿ ಅವಳಿಗೂ ನಮಗೂ ಅದನ್ನು ಬಾಯಿಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಸ್ನೋ ಮತ್ತು ದಂಗೆಕೋರರು, ಎರಡೂ ಕಡೆಯವರು ಅವಳನ್ನು ದಾಳವಾಗಿಯೇ ಬಳಸುತ್ತಾರೆ ಅನ್ನುವ ಅರ್ಥಕ್ಕೆ ಅದು ಸರಿ ಅಂತ ನನ್ನ ಅಭಿಪ್ರಾಯ. ನೀವು ಒಪ್ಪದಿರಬಹುದು, ವಾದ ಮಾಡಿ. ಊರಿನ ಗೆಳೆಯ ಗೇಲ್ ಮತ್ತು ಪೀಟಾ ಇಬ್ಬರ ನಡುವೆ ಕ್ಯಾಟ್ನಿಸ್ ಮನಸ್ಸಿನ ಎಳೆದಾಟ ಮಾತ್ರ ಎರಡು ಸಿನಿಮಾದಲ್ಲೂ ತೆಳುವೇ. ಅದನ್ನು ಮುಚ್ಚಿಡಬೇಡಿ.

ಕೆಜಿಎಫ್ ಜೊತೆಗಿನ ಹೋಲಿಕೆ ತೆಗೆಯಿರಿ. ಅದು ಮೊದಲ ಸಲವೇ ಚಾಪ್ಟರ್ ಒಂದು ಅಂತ ಹೆಸರಿಟ್ಟುಕೊಂಡು ಬಂದ ಕಥೆ, ಅದರ ಚರ್ಚೆಗೆ ಬೇರೆ ಲೇಖನವೇ ಬೇಕು. ಇಲ್ಲಿ ನಿಮ್ಮ ಗಮನ ಚದುರುತ್ತದೆ.

ಡಿಸ್ಟ್ರಿಕ್ಟ್ 11ರಿಂದ ಶುರು ಮಾಡಿ, ಕಥಾಸಾರವನ್ನು ಅದರ ನಂತರ ತನ್ನಿ, ಈಗಿನದರ ಅರ್ಧಕ್ಕೆ ಇಳಿಸಿ. 'ಅಮೋಘ', 'ರೋಮಾಂಚನಕಾರಿ', 'ಮನಮುಟ್ಟುವ' ಇವಿಷ್ಟನ್ನು ಹುಡುಕಿ ಅಳಿಸಿ. ಎರಡೂ ಸಿನಿಮಾವನ್ನು ಒಂದೇ ವಾರದಲ್ಲಿ ಮತ್ತೊಮ್ಮೆ ನೋಡಿ ಕೂತರೆ ಇನ್ನೂ ಒಳ್ಳೆಯದು. ತಿದ್ದಿದ್ದನ್ನು ನನಗೇ ಕಳಿಸಿ, ಬಂದ ಕೂಡಲೇ ಓದುತ್ತೇನೆ.