ಜಕರಂಡಾ ನೇರಳೆ ಯಾಕೆ ಕಂದಾಗುತ್ತಿದೆ?

ಕಬ್ಬನ್ ಪಾರ್ಕಿನ ಜಕರಂಡಾ ಮರದ ನೇರಳೆ ಹೂಗಳ ಚಿತ್ರ ಬಿಡಿಸಲು ವರ್ಮಿಲಿಯನ್ ಮತ್ತು ಪ್ರಷ್ಯನ್ ಬ್ಲೂ ಬೆರೆಸಿದರೆ ಕೊಳಕು ಕಂದು ಬರುತ್ತಿದೆ ಎಂದಿದ್ದೀರಿ. ಕೆಂಪು, ನೀಲಿ ಸೇರಿದರೆ ನೇರಳೆ ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದು ಅರ್ಧ ಸತ್ಯ ಅಷ್ಟೇ. ವರ್ಮಿಲಿಯನ್ ಕಿತ್ತಳೆಯ ಕಡೆ ವಾಲಿದ ಕೆಂಪು, ಅದರೊಳಗೆ ಹಳದಿಯ ಅಂಶ ಇದೆ. ಪ್ರಷ್ಯನ್ ಬ್ಲೂ ಹಸಿರಿನ ಕಡೆ ವಾಲಿದ ನೀಲಿ. ಬಣ್ಣದ ಚಕ್ರದಲ್ಲಿ ಹಳದಿ ನೇರಳೆಗೆ ನೇರ ಎದುರು ಕೂತಿದೆ. ಎದುರುಬದುರಿನ ಬಣ್ಣಗಳು ಸೇರಿದರೆ ಒಂದನ್ನೊಂದು ಮಂಕು ಮಾಡುತ್ತವೆ. ನಿಮ್ಮ ಪ್ಯಾಲೆಟ್ಟಿನಲ್ಲಿ ಆಗಿರುವುದು ಅದೇ.

ನೇರಳೆಯ ಕಡೆಗೇ ವಾಲಿದ ಎರಡನ್ನು ತೆಗೆದುಕೊಳ್ಳಿ: ಅಲ್ಟ್ರಾಮರೀನ್ ನೀಲಿ ಮತ್ತು ಗುಲಾಬಿ ಛಾಯೆಯ ಕೆಂಪು. ಹೆಸರು ನಂಬಬೇಡಿ, ಒಳಗಿರುವ ವರ್ಣದ್ರವ್ಯ ಯಾವುದೆಂದು ಹೇಳುವ, ಟ್ಯೂಬಿನ ಮೇಲಿನ ಪಿಗ್ಮೆಂಟ್ ಸಂಖ್ಯೆ ನೋಡಿ. ಅಲ್ಟ್ರಾಮರೀನ್‌ಗೆ ಪಿಬಿ 29. ಕೆಂಪಿಗೆ ಪಿವಿ 19ರ ರೋಸ್ ಅಥವಾ ಪಿಆರ್ 122 ಸಿಕ್ಕರೆ ಒಳ್ಳೆಯದು. ಮೊದಲು ನೀಲಿ ಹಾಕಿ, ಕೆಂಪನ್ನು ಕುಂಚದ ತುದಿಯಲ್ಲಿ ಸ್ವಲ್ಪ ಸ್ವಲ್ಪವೇ ಸೇರಿಸಿ. ಮೂರು ಪಾಲು ನೀಲಿಗೆ ಒಂದು ಪಾಲು ಕೆಂಪಿನಿಂದ ಶುರು ಮಾಡಿ; ಕಂಪನಿಯಿಂದ ಕಂಪನಿಗೆ ಬಣ್ಣದ ಕಸುವು ಬೇರೆ, ಆಮೇಲೆ ಕಣ್ಣಳತೆಯೇ.

ಜಲವರ್ಣವಾದರೆ ತಿಳಿಯಾಗಿಸಲು ನೀರೇ ಸಾಕು, ಬಿಳಿ ಹಾಕಿದರೆ ಹೂವಿನ ಹೊಳಪು ಸತ್ತು ಸುಣ್ಣದಂತಾಗುತ್ತದೆ. ಒಣಗಿದ ಮೇಲೆ ಬಣ್ಣ ತಿಳಿಯಾಗುವುದರಿಂದ ಒಂದು ಛಾಯೆ ಗಾಢವಾಗಿಯೇ ಹಚ್ಚಿ. ಕುಂಚ ತೊಳೆಯುವ ನೀರು ಹಳದಿಯಾಗಿದ್ದರೆ ಇಷ್ಟೆಲ್ಲ ಮಾಡಿಯೂ ಮತ್ತೆ ಕಂದೇ ಬರುತ್ತದೆ, ತೊಳೆಯಲು ಒಂದು, ಬಣ್ಣಕ್ಕೆ ಬೆರೆಸಲು ಒಂದು ಅಂತ ಎರಡು ಲೋಟ ನೀರು ಇಟ್ಟುಕೊಳ್ಳಿ.

ಆ ಕಂದನ್ನು ಮಾತ್ರ ಚೆಲ್ಲಬೇಡಿ. ಜಕರಂಡಾ ಕಾಂಡಕ್ಕೆ ಅದು ಚೆನ್ನಾಗಿ ಹೊಂದುತ್ತದೆ.